ಹಳೇ ಬೋಟಿಗೆ ಯಾವ ಎಂಜಿನ್? ಮೊದಲು ಫ್ಯಾನ್ ಅಳೆಯಿರಿ

ಪ್ರಶ್ನೆ: ನಮ್ಮದು 44 ಅಡಿಯ ಮರದ ಟ್ರಾಲ್‌ಬೋಟ್, ಗಂಗೊಳ್ಳಿಯಲ್ಲಿದೆ. ಅಪ್ಪ ಕಟ್ಟಿಸಿದ್ದು, ಈಗ 19 ವರ್ಷ. ಆರು ಸಿಲಿಂಡರಿನ 110 ಎಚ್‌ಪಿ ಎಂಜಿನ್. ಐದು ವರ್ಷದ ಹಿಂದೆ ಒಮ್ಮೆ ಪೂರ್ತಿ ಕೆಲಸ ಮಾಡಿಸಿದ್ದೆವು. ಈ ಸೀಸನ್ನಿನಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹತ್ತು ನಿಮಿಷ ಬಿಳಿ ಹೊಗೆ. ಬಲೆ ಎಳೆಯುವಾಗ ಕಪ್ಪು ಹೊಗೆ. ದಿನಕ್ಕೆ ಎರಡು ಲೀಟರ್ ಆಯಿಲ್ ಕುಡಿಯುತ್ತದೆ. ಕಳೆದ ತಿಂಗಳು ಎರಡು ಸಲ ಹೀಟ್ ಆಗಿ ನಿಂತು, ಬೇರೆ ಬೋಟಿನವರು ಎಳೆದು ತಂದರು. ನಮ್ಮ ಮೆಕ್ಯಾನಿಕ್ ಇದನ್ನೇ ಮತ್ತೆ ಫುಲ್ ಕೆಲಸ ಮಾಡೋಣ ಎನ್ನುತ್ತಾರೆ. ಪರಿಚಯದವರೊಬ್ಬರು ಗುಜರಿಯಿಂದ 180 ಎಚ್‌ಪಿಯ ಲಾರಿ ಎಂಜಿನ್ ಕೊಡಿಸುತ್ತೇನೆ ಎನ್ನುತ್ತಾರೆ, ಹೊಸದರ ಮೂರನೇ ಒಂದು ಬೆಲೆಗೆ. ಭಾವ ಮಾತ್ರ ಸಾಲ ಮಾಡಿಯಾದರೂ 240 ಎಚ್‌ಪಿಯ ಹೊಸ ಚೀನಾ ಎಂಜಿನ್ ಹಾಕು, ಆಮೇಲೆ ಬೋಟಿನ ಓಟ ನೋಡು ಎನ್ನುತ್ತಾನೆ. ಆಗಸ್ಟ್ 1ಕ್ಕೆ ಕಡಲಿಗೆ ಇಳಿಯಲೇಬೇಕು, ಕಲಾಸಿಗಳಿಗೆ (ಬೋಟಿನ ಕೆಲಸಗಾರರಿಗೆ) ಮುಂಗಡ ಕೊಟ್ಟಾಗಿದೆ. ಯಾವುದು ಒಳ್ಳೆಯದು? ಅಂದಹಾಗೆ, ಕಳೆದ ಸಲ ಎಂಜಿನ್ ಕೆಲಸ ಆದಾಗ ಬಲೆ ಚೆನ್ನಾಗಿ ಎಳೆಯಲಿ ಎಂದು ಫ್ಯಾನ್ (ಬೋಟಿನ ಹಿಂದೆ ನೀರಿನಲ್ಲಿ ತಿರುಗುವ ಪ್ರೊಪೆಲರ್) ಕೂಡ ಬದಲಾಯಿಸಿದ್ದೆವು, 34 ಇಂಚಿನದು ತೆಗೆದು 36 ಹಾಕಿದ್ದೇವೆ.

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ಮೂರು ಎಂಜಿನ್‌ಗಳ ಕಡೆ ಕಣ್ಣು ಹೋಯಿತು. ಎರಡನೇ ಸಲ, ಕೊನೆಗೆ ಹಾಗೇ ಸೇರಿಸಿದ ಫ್ಯಾನಿನ ಸಾಲಿನ ಹತ್ತಿರ ನಿಂತೆ. ನೀವು ಕೇಳಿದ್ದು ಯಾವ ಎಂಜಿನ್ ಎಂದು. ನನಗೆ ಮೊದಲು ಬೇಕಾದದ್ದು, ಪೂರ್ತಿ ಕೆಲಸ ಆದ ಎಂಜಿನ್ ಐದೇ ವರ್ಷಕ್ಕೆ ಯಾಕೆ ಮಲಗಿತು ಎಂಬುದು. ಅದು ಗೊತ್ತಾಗದೆ ಯಾವುದನ್ನು ಕೂರಿಸಿದರೂ ಇನ್ನೈದು ವರ್ಷಕ್ಕೆ ಇದೇ ಪತ್ರ ಮತ್ತೆ ಬರೆಯುತ್ತೀರಿ.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ, ಹೆಮ್ಮೆಯ ಅನುಭವವೇನಲ್ಲ. ಬಹಳ ವರ್ಷಗಳ ಹಿಂದೆ ಮಲ್ಪೆಯಲ್ಲಿ ಒಂದು ಬೋಟಿನ ಎಂಜಿನ್ ಕೆಲಸ ನಾನೇ ಮಾಡಿದ್ದೆ. ಲೈನರ್, ಪಿಸ್ಟನ್, ಬೇರಿಂಗ್ ಎಲ್ಲ ಹೊಸದು. ಎರಡನೇ ಸೀಸನ್ನಿಗೇ ಹೊಗೆ ಶುರು. ಮಾಲಕರು ಬೈದರು, ನಾನು ಬಿಡಿಭಾಗದ ಅಂಗಡಿಯವನನ್ನು ಬೈದೆ, ಮತ್ತೆ ಬಿಚ್ಚಿ ಕಟ್ಟಿದೆವು. ಅದೂ ಹೋಯಿತು. ಮೂರನೇ ಸಲ ಮಾತ್ರ ಬುದ್ಧಿ ಬಂದು ಬೋಟಿನ ಜೊತೆ ಕಡಲಿಗೆ ಹೋದೆ. ಬಲೆ ಬಿಟ್ಟು ತಂಡೇಲರು (ಬೋಟ್ ನಡೆಸುವವರು) ಎಕ್ಸಲೇಟರ್ ಪೂರ್ತಿ ಕೊಟ್ಟಾಗ ಎಂಜಿನ್ ನಿಮಿಷಕ್ಕೆ 1,800 ಸುತ್ತಿನ (ಆರ್‌ಪಿಎಂ) ಮೇಲೆ ಏಳಲೇ ಇಲ್ಲ. ಏಳಬೇಕಾದದ್ದು 2,200. ದೊಡ್ಡ ಬೋಟೊಂದರ ಹಳೇ ಫ್ಯಾನನ್ನು ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸಿಕೊಂಡಿದ್ದರು. ಎರಡು ಸಲ ಎಂಜಿನ್ ಬಿಚ್ಚಿದ ನಾನು ಒಮ್ಮೆಯೂ ಬೋಟಿನ ಹಿಂದೆ ಹೋಗಿ ಫ್ಯಾನ್ ನೋಡಿರಲಿಲ್ಲ.

ಈಗ ನಿಮ್ಮ ಎರಡು ಇಂಚಿನ ವಿಷಯ. 34ಕ್ಕೂ 36ಕ್ಕೂ ಏನು ಮಹಾ ವ್ಯತ್ಯಾಸ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಒಂದೇ ಆಕಾರದ ಎರಡು ಫ್ಯಾನ್‌ಗಳನ್ನು ಒಂದೇ ವೇಗದಲ್ಲಿ ತಿರುಗಿಸಿದರೆ, ಬೇಕಾಗುವ ಶಕ್ತಿ ವ್ಯಾಸದ ಐದನೇ ಘಾತದಂತೆ ಏರುತ್ತದೆ. 36ನ್ನು 34ರಿಂದ ಭಾಗಿಸಿ, ಬಂದ ಅಂಕಿಯನ್ನು ಐದು ಸಲ ಬರೆದು ಒಂದಕ್ಕೊಂದು ಗುಣಿಸಿ ನೋಡಿ: 1.33. ಅಂದರೆ ಅದೇ ಆರ್‌ಪಿಎಂಗೆ ಮೂರನೇ ಒಂದರಷ್ಟು ಹೆಚ್ಚು ಹೊರೆ. 110 ಎಚ್‌ಪಿ ಎಂಜಿನ್ನಿಗೆ ನೀವು ಸುಮಾರು 145 ಎಚ್‌ಪಿಯ ಕೆಲಸ ಕೊಟ್ಟಿದ್ದೀರಿ. ಅದಕ್ಕೆ ಆಗುವುದಿಲ್ಲ, ಹಾಗಾಗಿ 2,200 ತಲುಪದೆ 1,900ರ ಆಸುಪಾಸಿನಲ್ಲಿ ಏದುಸಿರು ಬಿಡುತ್ತ ನಿಲ್ಲುತ್ತದೆ. ಪಿಚ್ (ಎಲೆಗಳ ಓರೆ) ಕೂಡ ಬದಲಾಗಿದ್ದರೆ ಲೆಕ್ಕ ಸ್ವಲ್ಪ ಆಚೀಚೆ ಆದೀತು, ದಿಕ್ಕು ಬದಲಾಗದು.

ಹಾಗೆ ನಿಂತಾಗ ಒಳಗೆ ಏನಾಗುತ್ತದೆ ಎಂಬುದೇ ನಿಮ್ಮ ಎಂಜಿನ್ನಿನ ಕಥೆ. ಡೀಸೆಲ್ ಎಂಜಿನ್ನಿನ ವೇಗ ಕಾಯುವ ಗವರ್ನರ್‌ಗೆ ಗೊತ್ತಿರುವುದು ಒಂದೇ: ಕೇಳಿದ ಆರ್‌ಪಿಎಂ ಬಂದಿಲ್ಲವೆಂದರೆ ಇನ್ನೂ ಡೀಸೆಲ್ ಕೊಡು. ಅಷ್ಟು ಡೀಸೆಲ್ ಉರಿಯಲು ಬೇಕಾದಷ್ಟು ಗಾಳಿ ಆ ಕಡಿಮೆ ವೇಗದಲ್ಲಿ ಒಳಗೆ ಬರುವುದಿಲ್ಲ. ಉರಿಯದೆ ಉಳಿದದ್ದೇ ಕಪ್ಪು ಹೊಗೆ. ಇತ್ತ ಸಿಲಿಂಡರಿನ ಬಿಸಿ ಏರುತ್ತದೆ, ಮಸಿ ಕಟ್ಟಿ ರಿಂಗ್ ಹಿಡಿದುಕೊಳ್ಳುತ್ತದೆ, ಲೈನರ್ ಸವೆಯುತ್ತದೆ. ಅದೇ ಹೊತ್ತಿಗೆ ನೀರಿನ ಪಂಪ್ ಕೂಡ ನಿಧಾನಕ್ಕೆ ತಿರುಗುತ್ತಿರುತ್ತದೆ. ಹೀಗೆ ಅತಿ ಹೆಚ್ಚು ಬಿಸಿ ಇರುವಾಗಲೇ ನೀರು ಕಡಿಮೆ. ಎರಡು ಸಲ ಹೀಟ್ ಆದದ್ದಕ್ಕೆ ಕೂಲರಿನ ಕಸವೂ ಕಾರಣವಿರಬಹುದು, ಆದರೆ ಅದೊಂದನ್ನೇ ದೂರಬೇಡಿ. ಬೆಳಗಿನ ಬಿಳಿ ಹೊಗೆ ಮತ್ತು ಎರಡು ಲೀಟರ್ ಆಯಿಲ್ ಈ ಹಿಂಸೆಯ ಫಲ: ಕಂಪ್ರೆಷನ್ ಬಿದ್ದಿದೆ, ತಣ್ಣಗಿರುವಾಗ ಡೀಸೆಲ್ ಹೊತ್ತಿಕೊಳ್ಳುತ್ತಿಲ್ಲ. ಕಪ್ಪು ಹೊಗೆ ಬಂದರೆ ಎಂಜಿನ್ ಮುದಿಯಾಯಿತು ಎಂದು ದಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆಯಲ್ಲಿ) ಎಲ್ಲರೂ ಹೇಳುವುದುಂಟು. ಕಪ್ಪು ಹೊಗೆ ಮುಪ್ಪಿನ ಲಕ್ಷಣವೇ ಆಗಬೇಕಿಲ್ಲ. ಹೆಚ್ಚಿನ ಸಲ ಹೊರೆ ಹೆಚ್ಚಾಯಿತು ಅಥವಾ ಗಾಳಿ ಸಾಲದು ಎಂಬ ದೂರು ಅದು. ಇಷ್ಟೇ ಎಚ್‌ಪಿಯ ಹೊಸ ಎಂಜಿನ್ ಕೂಡ ಇದೇ ಫ್ಯಾನ್ ಹಾಕಿದರೆ ಮೊದಲ ದಿನವೇ ಕಪ್ಪು ಹೊಗೆ ಕೊಟ್ಟೀತು.

ಆದ್ದರಿಂದ ಬೋಟು ನೀರಿನಲ್ಲಿರುವಾಗಲೇ, ಅಂದರೆ ಮೇ 31ರ ಒಳಗೆ, ಒಂದು ದಿನ ಪರೀಕ್ಷೆಗೆಂದೇ ಕಡಲಿಗೆ ಹೋಗಿ. ಜೂನ್ 1ರಿಂದ ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟನ್ನು ದಡಕ್ಕೆ ಏರಿಸಿದ ಮೇಲೆ ಈ ಪರೀಕ್ಷೆ ಮಾಡಲಾಗದು. ಬೋಟಿನ ಆರ್‌ಪಿಎಂ ಮೀಟರನ್ನು ನಂಬಬೇಡಿ, ಉಪ್ಪು ಗಾಳಿಯಲ್ಲಿ ಅದು ಸತ್ತು ಎಷ್ಟು ಕಾಲವಾಯಿತೋ. ಕೈಯಲ್ಲಿ ಹಿಡಿಯುವ ಲೇಸರ್ ಟ್ಯಾಕೋಮೀಟರ್ ದುಬಾರಿಯದಲ್ಲ. ಕ್ರ್ಯಾಂಕ್ ಪುಲ್ಲಿಗೆ ಹೊಳೆಯುವ ಪಟ್ಟಿ ಅಂಟಿಸಿ ನೋಡಿದರಾಯಿತು. ಡೀಸೆಲ್, ಐಸ್ ತುಂಬಿದ ಬೋಟನ್ನು ಪೂರ್ತಿ ಎಕ್ಸಲೇಟರ್ ಕೊಟ್ಟು ಬಲೆ ಇಲ್ಲದೆ ಒಮ್ಮೆ ಓಡಿಸಿ, ಬಲೆ ಎಳೆಯುತ್ತ ಒಮ್ಮೆ ಓಡಿಸಿ. ಹೀಟ್ ಆಗುವ ಎಂಜಿನ್ ಆದ್ದರಿಂದ ಪೂರ್ತಿ ಎಕ್ಸಲೇಟರ್ ಎರಡು ಮೂರು ನಿಮಿಷ ಸಾಕು, ಅಂಕಿ ಬರೆದುಕೊಂಡು ಇಳಿಸಿಬಿಡಿ. ಆಮೇಲೆ ಬಲೆ ಎಳೆಯುತ್ತಿರುವಾಗಲೇ ಎಂಜಿನ್ ಕೋಣೆಯ ಮುಚ್ಚಳ ಪೂರ್ತಿ ತೆಗೆದಿಡಿ. ಹೊಗೆ ಇಳಿದು ಆರ್‌ಪಿಎಂ ಸ್ವಲ್ಪ ಏರಿದರೆ, ಕೋಣೆಗೆ ಗಾಳಿ ಸಾಲುತ್ತಿಲ್ಲ ಎಂದು ಅರ್ಥ. ಎಷ್ಟೋ ಬೋಟುಗಳಲ್ಲಿ ಮಳೆ ನೀರು ಬೀಳದಿರಲೆಂದು ಗಾಳಿಕಿಂಡಿಗೆ ಟಾರ್ಪಾಲು ಕಟ್ಟಿರುತ್ತಾರೆ. ಮಳೆ ನಿಂತರೂ ಅದು ಅಲ್ಲೇ ಇರುತ್ತದೆ.

ಇನ್ನು ನಿಮ್ಮ ಮೂರು ದಾರಿಗಳಿಗೆ ಬರೋಣ. ಭಾವನದ್ದನ್ನು ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ದುಡ್ಡು ಹೆಚ್ಚು ಮುಳುಗುವುದು ಅಲ್ಲಿಯೇ.

240 ಎಚ್‌ಪಿ ಹಾಕಿದರೆ ಬೋಟ್ ಹಾರುತ್ತದೆ ಎಂಬುದು ಸ್ಪೀಡ್‌ಬೋಟಿಗೆ ಸರಿ, ಅದು ನೀರಿನ ಮೇಲೆ ಎದ್ದು ಜಾರುತ್ತದೆ. ನಿಮ್ಮ ಬೋಟು ನೀರನ್ನು ಸೀಳಿಕೊಂಡು ಹೋಗುವಂಥದ್ದು. ಅಂಥ ಬೋಟಿನ ವೇಗಕ್ಕೆ ಅದರ ಉದ್ದವೇ ಲಗಾಮು. ನೀರಿನ ಗೆರೆಯಲ್ಲಿ ಎಷ್ಟು ಅಡಿ ಉದ್ದವಿದೆಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಸಿಗುವ ನಾಟ್ ಸಂಖ್ಯೆಯೇ ಸುಮಾರಾಗಿ ಅದರ ಮಿತಿ. ನಿಮ್ಮದು ನೀರಿನಲ್ಲಿ 40 ಅಡಿ ಎಂದಿಟ್ಟುಕೊಂಡರೆ ಎಂಟೂವರೆ ನಾಟ್. ಅದರ ಹತ್ತಿರ ಬಂದಂತೆ ಬೋಟು ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಒದ್ದಾಡುತ್ತದೆ, ಹಿಂಭಾಗ ಕುಸಿಯುತ್ತದೆ, ಡೀಸೆಲ್ ಸುರಿಯುತ್ತದೆ. ಈಗ ಏಳೂವರೆ ನಾಟ್ ಓಡುತ್ತಿದ್ದರೆ, ಎರಡು ಪಟ್ಟು ಎಚ್‌ಪಿಗೆ ಹೆಚ್ಚೆಂದರೆ ಒಂದು ನಾಟ್ ಸಿಕ್ಕೀತು. ಡೀಸೆಲ್ ಲೆಕ್ಕವನ್ನೂ ಹೇಳಿಬಿಡುತ್ತೇನೆ: ಒಂದು ಎಚ್‌ಪಿಯನ್ನು ಒಂದು ಗಂಟೆ ಪಡೆಯಲು ಸುಮಾರು 0.19 ಲೀಟರ್ ಬೇಕು. 80 ಎಚ್‌ಪಿ ಬಳಸಿದರೆ ಗಂಟೆಗೆ 15 ಲೀಟರ್, 180 ಬಳಸಿದರೆ 34. ದೊಡ್ಡ ಎಂಜಿನ್ ಇದ್ದೂ ಮೆಲ್ಲಗೆ ಓಡಿಸುತ್ತೇವೆ ಎನ್ನಬಹುದು. ಅಷ್ಟು ತಾಳ್ಮೆಯ ತಂಡೇಲರನ್ನು ನಾನು ಕಂಡದ್ದು ಕಡಿಮೆ.

ದೊಡ್ಡ ಬಲೆ ಎಳೆಯಲು ದೊಡ್ಡ ಎಂಜಿನ್ ಬೇಕು ಎಂಬ ಮಾತಿನಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕುವುದಿಲ್ಲ. ಟ್ರಾಲಿಂಗ್‌ಗೆ ಬೇಕಾದದ್ದು ಓಟವಲ್ಲ, ಎಳೆತ. ಆ ಎಳೆತ ದೊಡ್ಡ ಫ್ಯಾನನ್ನು ನಿಧಾನಕ್ಕೆ ತಿರುಗಿಸಿದಾಗ ಚೆನ್ನಾಗಿ ಸಿಗುತ್ತದೆ. ಅದಕ್ಕೆ ಗೇರ್‌ಬಾಕ್ಸಿನ ಅನುಪಾತ ಬದಲಾಗಬೇಕು, ಎಂಜಿನ್ನಿನ 3 ಸುತ್ತಿಗೆ ಫ್ಯಾನಿನ 1 ಸುತ್ತು ಇದ್ದದ್ದು 4ಕ್ಕೆ 1 ಆಗಿ, ಅದಕ್ಕೆ ಹೊಂದುವ ದೊಡ್ಡ ಫ್ಯಾನ್ ಬಂದರೆ 110 ಎಚ್‌ಪಿಯೂ ಈಗಿನದಕ್ಕಿಂತ ಹೆಚ್ಚು ಎಳೆದೀತು. ನಿಮಗೆ 36 ಇಂಚಿನ ಫ್ಯಾನೇ ಬೇಕಿದ್ದರೆ, ಅದಕ್ಕೆ ತಕ್ಕಷ್ಟು ಅನುಪಾತ ಬದಲಾಯಿಸುವುದೇ ನ್ಯಾಯವಾದ ದಾರಿ. ಗೇರ್ ಹಾಗೇ ಇಟ್ಟು ಫ್ಯಾನ್ ಮಾತ್ರ ದೊಡ್ಡದು ಮಾಡಿದ್ದು ತಪ್ಪಾಯಿತು. ಒಂದು ಎಚ್ಚರಿಕೆ: ಫ್ಯಾನಿನ ತುದಿಗೂ ಬೋಟಿನ ತಳಕ್ಕೂ ನಡುವೆ ವ್ಯಾಸದ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಜಾಗವಿದ್ದರೆ ನಡುಕ ಬರುತ್ತದೆ, ಹಲಗೆಯ ಸಂದು ಸಡಿಲವಾಗುತ್ತದೆ.

240 ಎಚ್‌ಪಿ ಎಂದರೆ ಎಂಜಿನ್ ಮಾತ್ರವೂ ಅಲ್ಲ. ಈಗಿನ ಗೇರ್‌ಬಾಕ್ಸ್, ಕಪ್ಲಿಂಗ್, ಶಾಫ್ಟ್ ಎಲ್ಲವೂ 110ರ ತಿರುಚುಬಲಕ್ಕೆ ಲೆಕ್ಕ ಹಾಕಿದ್ದು. ಶಾಫ್ಟ್ ದಪ್ಪಗಾದರೆ ಅದು ಹೊರಗೆ ಹಾಯುವ ಕೊಳವೆ, ಅಂದರೆ ಸ್ಟರ್ನ್ ಟ್ಯೂಬ್, ಬದಲಾಗಬೇಕು, ಸ್ಟರ್ನ್ ಟ್ಯೂಬ್ ಬದಲಾದರೆ 19 ವರ್ಷದ ಮರ ಕೊರೆಯಬೇಕು. ಎಂಜಿನ್ ಕೂರುವ ದಿಮ್ಮಿಗಳು ಹೆಚ್ಚಿದ ಭಾರ, ನಡುಕ ತಡೆಯಬೇಕು. ಕೊಟೇಶನ್ನಿನಲ್ಲಿ ಇವು ಯಾವುವೂ ಇರುವುದಿಲ್ಲ. ಚೀನಾ ಎಂಜಿನ್ ಎಂಬ ಕಾರಣಕ್ಕೆ ನಾನು ಬೇಡ ಎನ್ನುತ್ತಿಲ್ಲ, ನಮ್ಮ ಕರಾವಳಿಯ ದೊಡ್ಡ ಬೋಟುಗಳಲ್ಲಿ ಅವು ಚೆನ್ನಾಗಿಯೇ ದುಡಿಯುತ್ತಿವೆ. ಬೋಟು ಚಿಕ್ಕದು, ಎಂಜಿನ್ ದೊಡ್ಡದು ಎಂಬುದಷ್ಟೇ ನನ್ನ ತಕರಾರು.

ಲಾರಿ ಎಂಜಿನ್ನಿನ ಬಗ್ಗೆ ಎರಡು ಅತಿರೇಕದ ಮಾತು ಕೇಳುತ್ತೇನೆ. ಒಂದು, ಬ್ಲಾಕ್ ಒಂದೇ, ಹಾಗಾಗಿ ಲಾರಿಯದೂ ಬೋಟಿನದೂ ಒಂದೇ. ಇನ್ನೊಂದು, ಲಾರಿ ಎಂಜಿನ್ ಕಡಲಿಗೆ ಇಳಿಸಲೇಬಾರದು. ನಮ್ಮಲ್ಲಿ ಓಡುವ ಎಷ್ಟೋ ಬೋಟ್ ಎಂಜಿನ್‌ಗಳು ಲಾರಿ ಎಂಜಿನ್ನಿನ ಕುಟುಂಬದವೇ. ಆದರೆ ಕಂಪನಿಯವರು ಬೋಟಿಗೆ ಕೊಡುವಾಗ ನಾಲ್ಕಾರು ಅಂಗ ಬದಲಾಯಿಸಿ, ಪಂಪಿನಲ್ಲಿ ಡೀಸೆಲ್ ಕಡಿಮೆ ಮಾಡಿ, ಎಚ್‌ಪಿಯನ್ನೂ ಇಳಿಸಿ ಕೊಡುತ್ತಾರೆ. ಲಾರಿಗೆ ಘಾಟಿ ಹತ್ತುವಾಗ ಮಾತ್ರ ಪೂರ್ತಿ ಹೊರೆ, ಇಳಿಯುವಾಗ ಉಸಿರು ತೆಗೆದುಕೊಳ್ಳುತ್ತದೆ. ಕಡಲಿನಲ್ಲಿ ಇಳಿಜಾರಿಲ್ಲ. ಬಲೆ ಬಿಟ್ಟರೆ ಮೂರು ಗಂಟೆ ಘಾಟಿ ಹತ್ತಿದ ಹಾಗೇ. ಹಾಗಾಗಿ ಲಾರಿಯ 180 ಎಚ್‌ಪಿ ಎಂಬುದು ನಿಮ್ಮ ಬೋಟಿನಲ್ಲಿ 180 ಅಲ್ಲ. 180 ಎಂದೇ ದುಡಿಸಿದರೆ ಬಹಳ ದಿನ ಬಾಳುವುದಿಲ್ಲ.

ಬದಲಾಯಿಸಬೇಕಾದ ಅಂಗಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಲಾರಿಯಲ್ಲಿ ಅದಕ್ಕೆ ಗಾಳಿ ಬೀಸುತ್ತಿರುತ್ತದೆ, ನಿಮ್ಮ ಮುಚ್ಚಿದ ಮರದ ಕೋಣೆಯಲ್ಲಿ ಅದು ಕೆಂಪಗೆ ಕಾದು, ಮೇಲೆ ಒಂದು ಹನಿ ಡೀಸೆಲ್ ಬಿದ್ದರೆ ಸಾಕು. ನೀರು ಸುತ್ತುವ ಮ್ಯಾನಿಫೋಲ್ಡೇ ಬೇಕು. ಇಲ್ಲವಾದರೆ ಕನಿಷ್ಠ ಶಾಖ ತಡೆಯುವ ಪಟ್ಟಿ ಸುತ್ತಿ, ಡೀಸೆಲ್ ಪೈಪುಗಳನ್ನು ಅದರಿಂದ ದೂರ ಒಯ್ಯಬೇಕು. ಎರಡನೆಯದು ಎಂಜಿನ್ನಿನ ತಳದ ಆಯಿಲ್ ತೊಟ್ಟಿ, ಅಂದರೆ ಸಂಪ್: ಬೋಟಿನಲ್ಲಿ ಎಂಜಿನ್ ಹಿಂದಕ್ಕೆ ವಾಲಿ ಕೂರುತ್ತದೆ, ಅಲೆಗೆ ಇನ್ನೂ ವಾಲುತ್ತದೆ, ಲಾರಿ ಸಂಪ್ ಆದರೆ ಆಯಿಲ್ ಒಂದು ಕಡೆ ಓಡಿ ಪಂಪ್ ಗಾಳಿ ಎಳೆಯುತ್ತದೆ. ಮೂರನೆಯದು ತಣಿಸುವ ವ್ಯವಸ್ಥೆ. ಕಡಲ ನೀರನ್ನು ನೇರ ಬ್ಲಾಕಿಗೆ ಬಿಟ್ಟರೆ ತುಕ್ಕು ಒಂದು ಕಷ್ಟ, 60 ಡಿಗ್ರಿ ದಾಟಿದರೆ ಉಪ್ಪು ಕಟ್ಟುವುದು ಇನ್ನೊಂದು. ಆ ಭಯಕ್ಕೆ ತಣ್ಣಗೆ ಓಡಿಸಿದರೆ ಲೈನರ್ ಬೇಗ ಸವೆಯುತ್ತದೆ. ಹೀಟ್ ಎಕ್ಸ್‌ಚೇಂಜರ್ ಅಥವಾ ತಳದ ಪೈಪಿನ ತಣಿಕೆ ಬೇಕೇ ಬೇಕು. ಇಷ್ಟೆಲ್ಲ ಕೂಡಿಸಿದ ಮೇಲೆ ಆ ಮೂರನೇ ಒಂದು ಬೆಲೆ ಎಲ್ಲಿಗೆ ಬಂತು ನೋಡಿ.

ಜೊತೆಗೆ ಅದು ಯಾವ ವರ್ಷದ ಲಾರಿಯದು ಎಂದು ಕೇಳಿ. 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಿಎಸ್ 4, 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಎಂಬ ವಾಹನ ಹೊಗೆಯ ನಿಯಮ ಬಂತು. ಬಿಎಸ್ 6 ಎಂಜಿನ್ ಎಂದರೆ ಕಂಪ್ಯೂಟರ್, ಸೆನ್ಸರ್, ವೈರುಗಳ ಜಾಲ. ಒಂದು ಸೆನ್ಸರ್ ಕಾಣದಿದ್ದರೆ ಅದು ತಾನಾಗಿ ಶಕ್ತಿ ಇಳಿಸಿಕೊಳ್ಳುತ್ತದೆ. ಕಡಲ ಗಾಳಿಯಲ್ಲಿ, ಅಳಿವೆ ದಾಟುವ ಹೊತ್ತಿನಲ್ಲಿ ಹಾಗಾಗುವುದು ಬೇಡ. ತೆಗೆದುಕೊಳ್ಳುವುದೇ ಆದರೆ ಕಂಪ್ಯೂಟರ್ ಇಲ್ಲದ, ಹಳೆಯ ಇನ್‌ಲೈನ್ ಡೀಸೆಲ್ ಪಂಪಿನ ಎಂಜಿನ್ನೇ ಇರಲಿ. ಎಂಜಿನ್ ನಂಬರ್ ಉಜ್ಜಿರಬಾರದು, ಯಾವ ಲಾರಿಯಿಂದ ಬಂತು ಎಂಬ ಕಾಗದ ಕೈಯಲ್ಲಿರಬೇಕು. ನಿಮ್ಮ ಪರಿಚಯದವರು ಆ ಕಾಗದ ಕೊಡದಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಉಳಿದದ್ದು ನಿಮ್ಮ ಮೆಕ್ಯಾನಿಕ್ಕರ ದಾರಿ. ನಿಮ್ಮ ಪತ್ರದಲ್ಲಿರುವಷ್ಟನ್ನು ನೋಡಿದರೆ ನನ್ನ ಒಲವು ಇದರ ಕಡೆಗೇ, ಆದರೆ ಫುಲ್ ಕೆಲಸ ಎಂಬ ಎರಡು ಶಬ್ದವನ್ನು ನಂಬಿ ಅಲ್ಲ. ಒಬ್ಬರಿಗೆ ಫುಲ್ ಕೆಲಸ ಎಂದರೆ ರಿಂಗ್, ಬೇರಿಂಗ್, ಗ್ಯಾಸ್ಕೆಟ್. ಇನ್ನೊಬ್ಬರಿಗೆ ಬ್ಲಾಕನ್ನು ಬರಿದು ಮಾಡಿ ಅಳೆಯುವುದು. ನಿಮಗೆ ಬೇಕಾದದ್ದು ಎರಡನೆಯದು. ಎರಡು ಸಲ ಹೀಟ್ ಆದ ಎಂಜಿನ್ ಆದ್ದರಿಂದ ಹೆಡ್ಡಿಗೆ ನೀರಿನ ಒತ್ತಡದ ಪರೀಕ್ಷೆ, ಬ್ಲಾಕಿನ ಮೇಲ್ಮೈ ಸಪಾಟಾಗಿದೆಯೇ ಎಂಬ ಪರೀಕ್ಷೆ ಆಗಲೇಬೇಕು. ಕ್ರ್ಯಾಂಕ್ ಕಳೆದ ಸಲ ಎಷ್ಟು ಗ್ರೈಂಡ್ ಆಗಿತ್ತು ಎಂದು ಕೇಳಿ. ಕಾಲು ಮಿಲಿಮೀಟರಿನ ಮೆಟ್ಟಿಲುಗಳಲ್ಲಿ ಅದು ಇಳಿಯುತ್ತದೆ. ಕೊನೆಯ ಮೆಟ್ಟಿಲು ತಲುಪಿದ್ದರೆ ಅಥವಾ ಬಿರುಕಿನ ಪರೀಕ್ಷೆಯಲ್ಲಿ ಗೆರೆ ಕಂಡರೆ ಆ ಕ್ರ್ಯಾಂಕನ್ನು ಬಿಟ್ಟುಬಿಡಿ. ಮೇನ್ ಬೇರಿಂಗ್ ಕೂರುವ ರಂಧ್ರಗಳು ಒಂದೇ ಗೆರೆಯಲ್ಲಿವೆಯೇ ನೋಡಿಸಿ. ಡೀಸೆಲ್ ಪಂಪ್ ಮತ್ತು ನಾಜಲ್ ಪರೀಕ್ಷಾ ಬೆಂಚಿಗೆ ಹೋಗಿ ಬರಬೇಕು. ಈ ಅಳತೆಗಳೆಲ್ಲ ಕಾಗದದ ಮೇಲೆ, ಸಿಲಿಂಡರ್ ಸಿಲಿಂಡರಿಗೆ ಬರೆದು ಕೊಡಲಿ. ಕೊಡಲು ಹಿಂಜರಿಯುವವರು ಅಳೆದಿರುವುದಿಲ್ಲ.

ಎಲ್ಲರೂ ಮರೆಯುವ ಒಂದು ಪೆಟ್ಟಿಗೆ ಇದೆ, ಆಯಿಲ್ ಕೂಲರ್. ಹಳೇ ಬೇರಿಂಗ್ ಸವೆದ ಲೋಹದ ಚೂರುಗಳೆಲ್ಲ ಅದರೊಳಗೆ ಸೇರಿಕೊಂಡಿರುತ್ತವೆ. ಎಂಜಿನ್ ಹೊಸದಾಗಿ ಕಟ್ಟಿ, ಕೂಲರನ್ನು ಮೇಲಿಂದ ಡೀಸೆಲ್ಲಿನಲ್ಲಿ ತೊಳೆದು ಹಾಗೇ ಹಾಕುತ್ತಾರೆ. ಆಯಿಲ್ ಬಿಸಿಯಾದೊಡನೆ ಆ ಚೂರುಗಳು ಸೀದಾ ಹೊಸ ಬೇರಿಂಗಿಗೆ. ಅದನ್ನು ಹೊಸದೇ ಹಾಕಿಸಿ, ಅಲ್ಲಿ ಉಳಿತಾಯ ಬೇಡ. ಕಟ್ಟಿದ ಮೇಲೆ ಮೊದಲ 50 ಗಂಟೆ ಪೂರ್ತಿ ಹೊರೆ ಕೊಡಬೇಡಿ, ಹಾಗೆಂದು ದಕ್ಕೆಯಲ್ಲಿ ಗಂಟೆಗಟ್ಟಲೆ ಐಡಲ್ ಬಿಡಲೂ ಬೇಡಿ. ಹೊರೆಯೇ ಇಲ್ಲದಿದ್ದರೆ ಲೈನರ್ ಗಾಜಿನಂತೆ ನುಣುಪಾಗಿ ರಿಂಗ್ ಕೂರುವುದಿಲ್ಲ, ಆಮೇಲೆ ಜೀವನವಿಡೀ ಆಯಿಲ್ ಕುಡಿಯುತ್ತದೆ. ನಡು ಹೊರೆಯಲ್ಲಿ, ವೇಗ ಏರಿಳಿಸುತ್ತ ಓಡಿಸಿ, 50 ಗಂಟೆಗೆ ಆಯಿಲ್ ಬದಲಾಯಿಸಿ.

ಬ್ಲಾಕ್ ಅಥವಾ ಕ್ರ್ಯಾಂಕ್ ಕೈಕೊಟ್ಟರೆ ಮಾತ್ರ ಹೊಸದಕ್ಕೆ ಹೋಗಿ, ಅದೂ 120ರಿಂದ 140 ಎಚ್‌ಪಿಯ ಒಳಗೆ, ಬೋಟಿಗೆಂದೇ ಮಾಡಿದ್ದಕ್ಕೆ. ಫಲಕದ ಮೇಲೆ ದೊಡ್ಡದಾಗಿ ಬರೆದ ಎಚ್‌ಪಿ ಬಿಡಿ, ನಿರಂತರ ದುಡಿಮೆಗೆ ಎಷ್ಟು ಎಚ್‌ಪಿ, ಎಷ್ಟು ಆರ್‌ಪಿಎಂನಲ್ಲಿ ಎಂದು ಕೇಳಿ. ಒಂದೇ ಎಂಜಿನ್ನಿಗೆ ವಿಹಾರದ ಬೋಟಿಗೊಂದು, ಮೀನುಗಾರಿಕೆಗೊಂದು ಎಚ್‌ಪಿ ಇರುತ್ತದೆ. ಎಂಜಿನ್ ನಂಬರ್, ಎಚ್‌ಪಿ ಬದಲಾದರೆ ಮೀನುಗಾರಿಕೆ ಇಲಾಖೆಯಲ್ಲಿ ನೋಂದಣಿ ತಿದ್ದಿಸಿ, ವಿಮೆಯವರಿಗೂ ತಿಳಿಸಿ. ನೋಂದಣಿಯಲ್ಲೊಂದು, ಬೋಟಿನಲ್ಲೊಂದು ಎಂಜಿನ್ ಇದ್ದರೆ ಅವಘಡವಾದ ದಿನ ಪರಿಹಾರಕ್ಕೆ ತಕರಾರು ಶುರುವಾಗುತ್ತದೆ.

ಎಲ್ಲಕ್ಕೂ ಮೊದಲು ಬೋಟಿನ ಮೈ. ದಡಕ್ಕೆ ಏರಿಸಿದ ದಿನವೇ ಒಳ್ಳೆಯ ಬಡಗಿಯನ್ನು ಕರೆದು, ಎಂಜಿನ್ ಕೂರುವ ದಿಮ್ಮಿ, ಅದರ ಬೋಲ್ಟಿನ ಸುತ್ತಲಿನ ಮರ, ಹಿಂಭಾಗದ ಹಲಗೆಗಳನ್ನು ಸುತ್ತಿಗೆಯಿಂದ ಬಡಿದು ನೋಡಿಸಿ. ಸದ್ದು ಬೊದ್ದಾಗಿ ಬಂದ ಕಡೆ ಕೊರೆದು ನೋಡಲಿ. ಮರಕ್ಕೆ ನಾಲ್ಕೈದು ವರ್ಷವಷ್ಟೇ ಆಯುಸ್ಸು ಎಂದಾದರೆ ದುಬಾರಿ ಎಂಜಿನ್ ಬೇಡವೇ ಬೇಡ, ಅದನ್ನು ಮುಂದಿನ ಬೋಟಿಗೆ ಒಯ್ಯುವ ಯೋಚನೆ ಖಚಿತವಾಗಿದ್ದರೆ ಬೇರೆ ಮಾತು.

ನಿಷೇಧ 61 ದಿನ, ಜುಲೈ 31ಕ್ಕೆ ಮುಗಿಯುತ್ತದೆ. ಕೇಳುವಾಗ ಬಹಳ ಎನಿಸುತ್ತದೆ, ಆದರೆ ಕರಾವಳಿಯ ಎಲ್ಲ ಬೋಟುಗಳೂ ಅದೇ ಲೇತ್, ಅದೇ ಗ್ರೈಂಡಿಂಗ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತವೆ. ಈಗಲೇ ಹೋಗಿ ಸರದಿ ಹಿಡಿಯಿರಿ. ಜೂನ್ ಮೊದಲ ವಾರ ಬಿಚ್ಚಿ ಅಳೆದರೆ 15ರೊಳಗೆ ರಿಪೇರಿಯೋ ಹೊಸದೋ ಗೊತ್ತಾಗುತ್ತದೆ. ಜುಲೈ ಮೂರನೇ ವಾರಕ್ಕೆ ಬೋಟು ನೀರಿನಲ್ಲಿರಲಿ. ಶಾಫ್ಟಿನ ಅಲೈನ್‌ಮೆಂಟ್ ದಡದಲ್ಲಿ ಮಾಡಿ ಮುಗಿಸಲು ಬಿಡಬೇಡಿ, ನೀರಿಗೆ ಇಳಿದ ಮೇಲೆ ಮರದ ಬೋಟು ತನ್ನ ಆಕಾರಕ್ಕೆ ಬರಲು ಎರಡು ದಿನ ಬೇಕು. ಅಷ್ಟು ಕಾದು, ಕಪ್ಲಿಂಗಿನ ಎರಡು ಮುಖಗಳ ನಡುವೆ ಫೀಲರ್ ಗೇಜ್ ಹಾಕಿ, ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಕಡೆಯ ವ್ಯತ್ಯಾಸ 0.1 ಮಿ.ಮೀ. ಮೀರದಂತೆ ಕೂರಿಸಲಿ.

ಆ ಹಳೆಯ 34 ಇಂಚಿನ ಫ್ಯಾನ್ ಇನ್ನೂ ಶೆಡ್ಡಿನಲ್ಲಿದೆಯೇ? ಇದ್ದರೆ ಗುಜರಿಗೆ ಹಾಕಬೇಡಿ, ಎಲೆಗಳನ್ನು ಸರಿಮಾಡಿಸಿ ಇಟ್ಟಿರಿ. ಮೇ ತಿಂಗಳ ಪರೀಕ್ಷೆಯಲ್ಲಿ ಸಿಕ್ಕ ಆರ್‌ಪಿಎಂ ಎರಡನ್ನೂ ಒಂದು ಚೀಟಿಯಲ್ಲಿ ಬರೆದು, ಎಂಜಿನ್ ಬಿಚ್ಚುವ ಮೊದಲೇ ಮೆಕ್ಯಾನಿಕ್ಕರ ಕೈಗೆ ಕೊಡಿ. ಭಾವನಿಗೂ ಒಂದು ಪ್ರತಿ ಇರಲಿ.